ತಾನೇ ಹೋಗುವ ದುಡ್ಡು

ತಿಂಗಳ ಮೊದಲ ಭಾನುವಾರ ಬಂತೆಂದರೆ ಆ ಮನೆಯಲ್ಲಿ ಮಧ್ಯಾಹ್ನದ ಊಟ ಯಾರ ಗಂಟಲಲ್ಲೂ ಸಲೀಸಾಗಿ ಇಳಿಯುತ್ತಿರಲಿಲ್ಲ. ತಟ್ಟೆಗಳ ನಡುವೆ ಮಾವನ ಬಿಸ್ಕತ್ತಿನ ಡಬ್ಬಿ ಬಂದು ಕೂರುತ್ತಿತ್ತು. ಕರೆಂಟು, ನೀರು, ಗ್ಯಾಸು, ಇಂಟರ್ನೆಟ್ಟು, ಮುದುಕರಿಬ್ಬರ ಆರೋಗ್ಯ ವಿಮೆ, ಯಾವುದರಲ್ಲಿ ಯಾರ ಪಾಲು ಎಷ್ಟು ಅನ್ನುವುದನ್ನು ಅವನು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದ. ದುಡ್ಡು ಡಬ್ಬಿಗೆ ಬಿದ್ದ ಮೇಲೆಯೇ ಅನ್ನದ ಪಾತ್ರೆಯ ಮುಚ್ಚಳ ತೆಗೆಯಬೇಕು. ಮರುದಿನ ಬೆಳಿಗ್ಗೆ ಅದೇ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಕೌಂಟರಿನಿಂದ ಕೌಂಟರಿಗೆ ಕ್ಯೂ ನಿಲ್ಲಲು ಹೊರಡುತ್ತಿದ್ದ.

ಅವನು ಕರೆಂಟು ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಬಿಲ್ಲು ಕಟ್ಟದವರ ಮನೆಗೆ ಹೋಗಿ ಫ್ಯೂಸು ಕೀಳುವ ಕೆಲಸವನ್ನು ಇಷ್ಟಪಟ್ಟು ಮಾಡಿದವನು. ಬೀದಿಯವರು ಅವನಿಗೆ ಫ್ಯೂಸಪ್ಪ ಅಂತ ಹೆಸರಿಟ್ಟಿದ್ದರು. ಅವನಿಗೆ ಅದು ಬೈಗುಳ ಅಂತ ಅನ್ನಿಸಲೇ ಇಲ್ಲ. ಬಿರುದು ಅಂತಲೇ ತಿಳಿದಿದ್ದ.

ಸೊಸೆ ಟೈಲರು. ಮಹಡಿಯ ಕೋಣೆಯಲ್ಲಿ ಮೋಟಾರು ಕೂರಿಸಿದ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಗಳಿಗೆ ಯೂನಿಫಾರಂ ಹೊಲಿದು ಕೊಡುತ್ತಿದ್ದಳು. ಗಂಡನಿಗೆ ಬೇಕರಿಯೊಂದರ ಬ್ರೆಡ್ಡಿನ ವ್ಯಾನು ಓಡಿಸುವ ಕೆಲಸ. ನಸುಕಿಗೆ ಎದ್ದು ಹೋಗಿ ಮಧ್ಯಾಹ್ನ ಬಂದು ಮಲಗಿಬಿಟ್ಟರೆ ಮನೆಯ ಜಗಳ ಯಾವುದೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಬಿದ್ದರೂ ಮಗ್ಗುಲು ಬದಲಾಯಿಸುತ್ತಿದ್ದ. ಮಗಳು ಕಾಲೇಜಿಗೆ ಹೋಗುತ್ತಿದ್ದಳು.

ಶಾಲೆ ಶುರುವಾಗುವ ಮುಂಚಿನ ಭಾನುವಾರ ಸೊಸೆಯ ಕೈಯಲ್ಲಿ ದುಡ್ಡಿರಲಿಲ್ಲ. ಶಾಲೆಯವರು ಬಟ್ಟೆ ತಲುಪಿದ ಮೇಲೆ ಕೊಡುತ್ತೇವೆ ಅಂದಿದ್ದರು.

"ಮಾವ, ಬುಧವಾರ ಕೊಡ್ತೀನಿ," ಅಂದಳು.

"ಬುಧವಾರದ ತನಕ ಮೀಟರು ತಿರುಗೋದು ನಿಲ್ಲಿಸುತ್ತಾ?"

"ನಾಳೆ ಸಂಜೆ ಯೂನಿಫಾರಂ ಕೊಟ್ಟುಬಿಟ್ರೆ ದುಡ್ಡು ಬರುತ್ತೆ. ಮೂರೇ ದಿನ."

"ಎಲ್ಲಾರೂ ಇದೇ ಹೇಳೋದು. ಮೂವತ್ತು ವರ್ಷ ಕೇಳಿದೀನಿ ಇದನ್ನ. ಕೈಯಲ್ಲಿ ಮಗು ಹಿಡ್ಕೊಂಡು ಬಂದು ಹೇಳೋರು. ನಾನು ಕೇಳಿಸ್ಕೊಂಡು, ಏಣಿ ಹತ್ತಿ, ಕಿತ್ಕೊಂಡು ಬರ್ತಿದ್ದೆ."

ಊಟ ಮುಗಿಸಿ ಅವನು ಕೈ ತೊಳೆದ, ಒರೆಸಿಕೊಂಡ, ಮೆಟ್ಟಿಲು ಹತ್ತಿ ಹೋಗಿ ಮಹಡಿಯ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಇಳಿದು ಬಂದ. ಅತ್ತೆ, "ಏನ್ರೀ ಇದು, ಮನೆಯೋರ ಹತ್ರನೂ," ಅಂದಳು. ಅವನು ರೇಡಿಯೋ ಹಾಕಿದ.

ಸೊಸೆ ಸಂಜೆಯ ತನಕ ಕಿಟಕಿಯ ಬೆಳಕಿನಲ್ಲಿ ಕೈಯಲ್ಲೇ ಹೊಲಿದಳು. ಕೆಳಗಿನ ನಡುಮನೆಯಲ್ಲಿ ಯಂತ್ರ ಇಟ್ಟುಕೊಳ್ಳುತ್ತೇನೆ ಅಂದದ್ದಕ್ಕೆ, "ಅದೂ ನನ್ನ ಮೀಟರೇ," ಅಂದ ಮಾವ. ಸೋಮವಾರ ಅರ್ಧ ಗಂಟು ಬಟ್ಟೆ ಹೊತ್ತುಕೊಂಡು ಶಾಲೆಗೆ ಹೋದಳು. ಅಲ್ಲಿಯ ಹೆಡ್‌ಮೇಡಂ ಗಂಟು ಬಿಚ್ಚಿ ನೋಡದೆಯೇ ಒಳಗಿಡಿಸಿದರು. ಇಷ್ಟರ ದುಡ್ಡು ಬುಧವಾರ ಕೊಡುತ್ತೇವೆ, ಉಳಿದ ಅರ್ಧವನ್ನು ಪೇಟೆಯ ದೊಡ್ಡ ಅಂಗಡಿಗೆ ಹೇಳುತ್ತೇವೆ, ಮುಂದಿನ ವರ್ಷದ್ದೂ ಅವರಿಗೇ, ಅಂದರು.

ಬುಧವಾರ ಅವಳು ಡಬ್ಬಿಗೆ ದುಡ್ಡು ಹಾಕಿದಳು. ಮಾವ ಫ್ಯೂಸನ್ನು ಜೇಬಿನಿಂದ ತೆಗೆದು, ಬಾಯಿಂದ ಊದಿ, ಮೇಲೆ ಹೋಗಿ ಕೂರಿಸಿದ. ಅವಳು ಒಂದು ಮಾತೂ ಆಡಲಿಲ್ಲ. ಆಡಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ.

ಆಟೋಪೇ ಮಾತು ಎತ್ತಿದ್ದು ಅದಾದ ಒಂದು ತಿಂಗಳಿಗೆ, ಅದೂ ಬಹಳ ಮೆತ್ತಗೆ, ಮಾವನ ತಟ್ಟೆಗೆ ಎರಡನೇ ಸಲ ಬೇಳೆ ಬಡಿಸುತ್ತಾ.

"ಮಾವ, ಈ ಬಿಸಿಲಲ್ಲಿ ಯಾಕೆ ಅಲೀತೀರಿ? ಬ್ಯಾಂಕಿಗೆ ಒಂದ್ಸಲ ಹೇಳಿಟ್ರೆ ಬಿಲ್ಲೆಲ್ಲ ತಾನೇ ಹೋಗುತ್ತೆ."

"ತಾನೇ ಹೋಗುತ್ತಾ? ನನ್ನ ದುಡ್ಡಿಗೇನು ಕಾಲು ಬಂದಿದೆಯಾ?"

"ಎಲ್ಲಾರೂ ಮಾಡ್ತಾರೆ ತಾತ," ಮೊಮ್ಮಗಳು ಅಂದಳು. "ಬಿಲ್ ಬಂದ ದಿನವೇ ಕಟ್ ಆಗುತ್ತೆ. ನೀವು ಮಲ್ಗಿರ್ಬಹುದು."

"ನಾನು ಮಲ್ಗಿದಾಗ ನನ್ನ ಜೇಬಿಗೆ ಕೈ ಹಾಕೋದಕ್ಕೆ ಏನಂತಾರೆ ಗೊತ್ತಾ ಮಗು?"

"ಆಟೋಪೇ ಅಂತಾರೆ."

ಮಗ ನಕ್ಕ. ಫ್ಯೂಸಪ್ಪ ನಗಲಿಲ್ಲ. ತಪ್ಪು ಬಿಲ್ಲು ಬಂದರೆ ಯಾರನ್ನು ಕೇಳುವುದು, ಕೌಂಟರಿನಲ್ಲಾದರೆ ಒಬ್ಬ ಮನುಷ್ಯ ಇರುತ್ತಾನೆ, ಕೂಗಾಡಬಹುದು, ಫೋನಿಗೆ ಕೂಗಾಡಿದರೆ ಯಾರು ಕೇಳುತ್ತಾರೆ, ಅಂದ. ಅವನ ಮಾತಿನಲ್ಲಿ ಹುರುಳಿತ್ತು. ಸೊಸೆಗೂ ಅದು ಗೊತ್ತಿತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಬಿಲ್ಲು ಸರಿಯಾಗಿ ಹೋಗುವುದಲ್ಲ, ಆ ಡಬ್ಬಿ ಮೇಜಿನ ಮೇಲಿಂದ ಹೋಗುವುದು.

ಮಾವನನ್ನು ಬಿಟ್ಟು ಅತ್ತೆಯನ್ನು ಹಿಡಿದಳು. ತರಕಾರಿ ಹೆಚ್ಚುತ್ತಾ ಪಕ್ಕದಲ್ಲಿ ಕೂತು ಕೇಳಿದಳು: "ಅಲ್ಲ ಅತ್ತೆ, ಕ್ಯೂನಲ್ಲಿ ಇವರೇ ಮೊದಲು ನಿಲ್ಬೇಕು ಅಂತ ಕತ್ತಲಲ್ಲೇ ನಿಮ್ಮನ್ನ ಎಬ್ಬಿಸಿ ಚಹಾ, ಬ್ರೆಡ್ಡು, ಮೊಟ್ಟೆ ಅಂತ ಕುಣಿಸ್ತಾರಲ್ಲ, ನಿಮಗೆ ಬೇಜಾರಾಗಲ್ವಾ?"

ಅತ್ತೆ ಈಳಿಗೆಯಿಂದ ಕೈ ತೆಗೆದು ಸೊಸೆಯ ಮುಖ ನೋಡಿದಳು. "ಬೇಜಾರಾಗಿ ನಲವತ್ತು ವರ್ಷ ಆಯ್ತು. ನೀನು ಯಾಕೆ ಇವತ್ತು ಕೇಳ್ತಿದೀಯ?"

"ಸುಮ್ನೆ."

"ಸುಮ್ನೆ ಕೇಳೋಳಲ್ಲ ನೀನು," ಅಂದಳು ಅತ್ತೆ. ಆದರೆ ಮಾತು ನಾಟಿತ್ತು. ಮುಂದಿನ ಸೋಮವಾರ ಗಂಡ ಎಬ್ಬಿಸಿದರೆ ಅವಳು ಏಳಲಿಲ್ಲ. "ದುಡ್ಡು ತಾನೇ ಹೋಗುತ್ತಂತೆ. ನೀವೂ ತಾನೇ ಹೋಗಿ," ಅಂದು ಹೊದಿಕೆ ಎಳೆದುಕೊಂಡಳು. ಬರಿ ಹೊಟ್ಟೆಯಲ್ಲಿ ಮೂರು ಕೌಂಟರು ನಿಂತು ಬಂದ ಫ್ಯೂಸಪ್ಪ ಆ ವಾರವೇ ಸೋತ. ಪಿಂಚಣಿ ಬರುವ ತನ್ನ ಖಾತೆಯಿಂದಲೇ ಬಿಲ್ಲು ಹೋಗಬೇಕು, ಮಗನೂ ಸೊಸೆಯೂ ತಮ್ಮ ಪಾಲನ್ನು ಅದಕ್ಕೇ ಹಾಕಬೇಕು ಅನ್ನುವುದು ಅವನ ಷರತ್ತು. ಅವನ ಫೋನು ಗುಂಡಿ ಒತ್ತುವ ಹಳೆಯದು, ಮೆಸೇಜು ಅವನು ಓದುವವನಲ್ಲ. ಹಾಗಾಗಿ ಬ್ಯಾಂಕಿನ ಮೆಸೇಜು ಬರುವುದಕ್ಕೆ ಸೊಸೆಯ ನಂಬರು ಕೊಟ್ಟರು. ಮೊಮ್ಮಗಳು ಸೋಫಾದ ಮೇಲೆ ಕಾಲು ಮಡಚಿ ಕೂತು ಒಂದೊಂದನ್ನೇ ಸೇರಿಸಿದಳು. ವಿಮೆಯ ಕಂತನ್ನೂ.

ಮೊದಲ ಭಾನುವಾರ ಬಂತು. ಫ್ಯೂಸಪ್ಪ ರೂಢಿಯ ಮೇಲೆ ಡಬ್ಬಿ ತಂದಿಟ್ಟ.

"ನಾನು ನಿನ್ನೆನೇ ಹಾಕ್ದೆ ಅಪ್ಪಾ," ಅಂದ ಮಗ, ತಟ್ಟೆಯಿಂದ ತಲೆ ಎತ್ತದೆ.

"ನಂದೂ ಹೋಯ್ತು ಮಾವ," ಅಂದಳು ಸೊಸೆ. "ಕರೆಂಟಿಂದು ಆಗ್ಲೇ ಕಟ್ಟಿಯೂ ಆಯ್ತಂತೆ. ಡಬ್ಬಿ ಸ್ವಲ್ಪ ಪಕ್ಕಕ್ಕಿಡ್ತೀರಾ, ಅನ್ನದ ಪಾತ್ರೆಗೆ ಜಾಗ ಬೇಕು."

ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. ಅದನ್ನು ನೋಡಿ ಸೊಸೆಯ ಹೊಟ್ಟೆ ತಣ್ಣಗಾಯಿತು. ಆವತ್ತು ಅವಳು ಎರಡು ಸಲ ಅನ್ನ ಬಡಿಸಿಕೊಂಡಳು.

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಹಾಡಹಗಲಲ್ಲೇ ಮೆಟ್ಟಿಲ ಲೈಟು ಹಾಕಿಟ್ಟಳು. ಇಸ್ತ್ರಿ ಪೆಟ್ಟಿಗೆ ಕಾಯಲು ಬಿಟ್ಟು ಕೆಳಗೆ ಬಂದು ಚಹಾ ಕುಡಿದಳು. ಮಾವ ಲೈಟು ಆರಿಸಿದರೆ ಅವಳು ಹಾಕುವಳು, ಅವಳು ಹಾಕಿದರೆ ಅವನು ಆರಿಸುವನು.

"ಬೆಳಕಿರೋವಾಗ ಯಾಕಮ್ಮ ಲೈಟು?"

"ಇರ್ಲಿ ಬಿಡಿ ಮಾವ. ಬಿಲ್ಲು ತಾನೇ ಹೋಗುತ್ತೆ."

ನೀರಿನ ನಲ್ಲಿಗೂ ಇದೇ ಉತ್ತರ, ಫ್ಯಾನಿಗೂ ಇದೇ ಉತ್ತರ. ಮಗಳು ಒಂದು ದಿನ ಕೇಳಿಯೇಬಿಟ್ಟಳು: "ಅಮ್ಮಾ, ನೀನು ಬೇಕಂತಲೇ ಮಾಡ್ತಿದೀಯ ಅಲ್ವಾ?"

"ಏನು ಮಾಡಿದೆ? ಲೈಟು ಹಾಕಿದೆ."

"ತಾತನ ಮುಖ ನೋಡೋಕೆ ಹಾಕ್ತೀಯ."

"ನೋಡ್ಬಾರದಾ? ಅವರು ನನ್ನ ಮುಖ ನೋಡಿದ್ರು, ಫ್ಯೂಸು ಊದೋವಾಗ."

ಫ್ಯೂಸಪ್ಪನೂ ಸುಮ್ಮನೆ ಕೂರುವ ಪೈಕಿಯಲ್ಲ. ಮೊದಲು ಮೆಟ್ಟಿಲ ಬಲ್ಬನ್ನೇ ಬಿಚ್ಚಿ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ. ಆಮೇಲೆ, ಮಾರನೆಯ ತಿಂಗಳು ಮಿಕ್ಕ ಬಿಲ್ಲುಗಳು ಹೋಗಿ ಕರೆಂಟಿನದು ಉಳಿದಿರುವ ಹೊತ್ತು ನೋಡಿಕೊಂಡು ಬ್ಯಾಂಕಿಗೆ ನಡೆದು ಹೋಗಿ ಖಾತೆಯಲ್ಲಿದ್ದ ದುಡ್ಡನ್ನೆಲ್ಲ ಬಳಿದುಕೊಂಡು ಬಂದ. ಬಿಲ್ಲು ಕಟ್ಟದೆ ಕರೆಂಟಿನವರು ಬಾಗಿಲಿಗೆ ಬರಲಿ, ತಾನೇ ಕೆಲಸ ಕಲಿಸಿದ ಹುಡುಗರು ತನ್ನ ಮನೆಯ ಲೈನು ಕತ್ತರಿಸಲಿ, ಆಗ ಗೊತ್ತಾಗುತ್ತದೆ ತಾನೇ ಹೋಗುವ ದುಡ್ಡಿನ ಬಂಡವಾಳ, ಎಂಬುದು ಅವನ ಎಣಿಕೆ. ದುಡ್ಡು ಬಿಸ್ಕತ್ತಿನ ಡಬ್ಬಿಗೆ ಹೋಯಿತು. ಯಾರಿಗೂ ಹೇಳಲಿಲ್ಲ.

ಮೆಸೇಜು ಬಂದದ್ದು ಸೊಸೆಯ ಫೋನಿಗೆ. ಖಾತೆಯಲ್ಲಿ ಹಣವಿಲ್ಲ, ಕರೆಂಟು ಬಿಲ್ಲು ಪಾವತಿಯಾಗಿಲ್ಲ. ಅವಳು ಕಾಲರು ಹೊಲಿಯುತ್ತಿದ್ದವಳು ಯಂತ್ರ ನಿಲ್ಲಿಸಿ ಇನ್ನೊಂದು ಸಲ ಓದಿದಳು. ಮಾವ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಎಲ್ಲಿಗೋ ಹೋಗಿ, ಬರುವಾಗ ಸಿಳ್ಳೆ ಹಾಕುತ್ತಾ ಬಂದದ್ದು ನೆನಪಾಯಿತು. ಅರ್ಥವಾಯಿತು. ತನ್ನ ಹೊಲಿಗೆಯ ದುಡ್ಡಿನಿಂದಲೇ ಆ ಬಿಲ್ಲು ಕಟ್ಟಿಬಿಟ್ಟು, ಏನೂ ಆಗದವಳ ಹಾಗೆ ಕಾಲರು ಮುಗಿಸಿದಳು.

ಮುಂದಿನ ದಿನಗಳಲ್ಲಿ ಆ ಮನೆಯಲ್ಲಿ ನೋಡುವಂಥದ್ದು ಇದ್ದರೆ ಫ್ಯೂಸಪ್ಪನ ಮುಖ. ಊಟದ ನಡುವೆ ತಲೆ ಎತ್ತಿ ದೀಪ ನೋಡುವುದು, ಬಾಗಿಲು ಬಡಿದರೆ ತುತ್ತು ಬಿಟ್ಟು ಏಳುವುದು, ಬೀದಿಯಲ್ಲಿ ಏಣಿ ಹೊತ್ತವನು ಕಂಡರೆ ಕಿಟಕಿಗೆ ಹೋಗಿ ನಿಲ್ಲುವುದು. ದೀಪ ಮಾತ್ರ ಉರಿಯುತ್ತಲೇ ಇತ್ತು.

"ಏನು ಮಾವ, ಯಾರಾದ್ರೂ ಬರ್ತಾರಾ?"

"ಇಲ್ಲ, ಯಾರೂ ಇಲ್ಲ," ಅಂದು ಅವನು ಕೂರುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಆ ನಗುವಿನ ನಡುವೆಯೇ ಎರಡನೇ ಮೆಸೇಜು ಬಂತು. ವಿಮೆಯ ಕಂತು ಹೋಗಿಲ್ಲ. ಅರ್ಧ ತಿಂಗಳ ವಾಯಿದೆ ಇದೆ, ಅಷ್ಟರೊಳಗೆ ಕಟ್ಟದಿದ್ದರೆ ಪಾಲಿಸಿ ರದ್ದು. ಅದು ಅವಳು ಕೈಯಿಂದ ಹಾಕುವಷ್ಟು ಸಣ್ಣ ಮೊತ್ತವಲ್ಲ. ಕೆಳಗೆ ಹೋಗಿ, "ಮಾವ, ಖಾತೆಗೆ ದುಡ್ಡು ಹಾಕಿ, ವಿಮೆ ನಿಂತುಹೋಗುತ್ತೆ," ಅಂದರೆ ಒಂದು ಮಾತಿನ ಕೆಲಸ. ಹೇಳಲು ಎದ್ದಳು ಕೂಡ. ಮೆಟ್ಟಿಲ ತನಕ ಹೋಗಿ ನಿಂತಳು. ಕೆಳಗೆ ಮಾವ ಅತ್ತೆಗೆ ಹೇಳುತ್ತಿದ್ದ: "ಆ ಮಹಡಿಯೋಳಿಗೆ ಒಂದು ಪಾಠ ಕಲಿಸ್ದೆ ಬಿಡಲ್ಲ ನಾನು."

ಅವಳು ವಾಪಸು ಹೋಗಿ ಯಂತ್ರದ ಮುಂದೆ ಕೂತಳು. ಕೊನೆಯ ದಿನ ಊಟಕ್ಕೆ ಎಲ್ಲರೂ ಕೂತಾಗ ಮೆಸೇಜನ್ನು ಗಟ್ಟಿಯಾಗಿ ಓದಿಬಿಡಬೇಕು, ನಿಮ್ಮ ವಿಮೆಯ ದುಡ್ಡನ್ನು ನಿಮ್ಮ ಗಂಡನೇ ಬಳಿದುಕೊಂಡು ಬಂದಿದ್ದಾರೆ ಅಂತ ಅತ್ತೆಗೆ ಎದುರಿನಲ್ಲೇ ಹೇಳಬೇಕು, ಅಂದುಕೊಂಡಳು. ಆ ಕೊನೆಯ ದಿನ ಬಂದಾಗ ಮದುವೆಯ ಮನೆಯೊಂದರ ತುರ್ತು ಬಟ್ಟೆ ಬಂದು ಮೈಮೇಲೆ ಬಿತ್ತು. ಊಟವನ್ನೂ ಮೇಲೆಯೇ ಮಾಡಿದಳು. ಮಾರನೆಯ ದಿನ ನೆನಪಾದಾಗ ಮೆಸೇಜು ತೆಗೆದು ತಾರೀಖು ನೋಡಿದಳು. ದಂಡ ಕಟ್ಟಿದರೆ ಸರಿಹೋದೀತು ಅಂತ ಸಮಾಧಾನ ಮಾಡಿಕೊಂಡಳು. ಭಾನುವಾರ ಹೇಳಿದರಾಯಿತು. ಆಗಲೂ ಅವಳಿಗೆ ಬೇಕಾಗಿದ್ದದ್ದು ಎಲ್ಲರೂ ಕೂತ ಊಟದ ಮೇಜು.

ಶುಕ್ರವಾರ ಮುಸ್ಸಂಜೆಯಲ್ಲಿ ಅತ್ತೆ ಒಗೆದು ಮಡಚಿದ ಬಟ್ಟೆಯ ರಾಶಿ ಎದೆಗವಚಿಕೊಂಡು ಸೊಸೆಯ ಕೋಣೆಗೆ ಮೆಟ್ಟಿಲು ಹತ್ತಿದಳು. ಬಲ್ಬು ಇರಲಿಲ್ಲ. ತಿರುವಿನಲ್ಲಿ ಕಾಲು ತಪ್ಪಿತು. ಯಂತ್ರದ ಸದ್ದಿನಲ್ಲಿ ಸೊಸೆಗೆ ಕೇಳಿಸಿದ್ದು ಬಟ್ಟೆ ಬಿದ್ದಂಥ ಮೆತ್ತನೆಯ ಶಬ್ದ ಮಾತ್ರ.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ಪ್ಲೇಟು ಹಾಕಬೇಕು ಅಂದರು. ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೂತಿದ್ದ ಹುಡುಗಿ ನಂಬರು ಒತ್ತಿ, ಪರದೆ ನೋಡಿ, "ಈ ಪಾಲಿಸಿ ನಿಂತುಹೋಗಿದೆ ಸರ್," ಅಂದಳು.

ಆವತ್ತು ಸಂಜೆಯ ಸರದಿಗೂ ಹೋಗಿದ್ದು, ಬ್ರೆಡ್ಡಿನ ವ್ಯಾನಿನಿಂದ ನೇರ ಬಂದಿದ್ದ ಮಗನ ತೋಳಿನಲ್ಲಿ ಇನ್ನೂ ಮೈದಾ ಹಿಟ್ಟಿತ್ತು. "ಇನ್ನೊಂದ್ಸಲ ನೋಡಿ. ತಾನೇ ಹೋಗೋ ಹಾಗೆ ಮಾಡಿದೀವಿ."

"ಖಾತೆಯಲ್ಲಿ ದುಡ್ಡಿರಲಿಲ್ಲ ಅಂತ ಬಂದಿದೆ."

"ನಾನು ಹೇಳಿರಲಿಲ್ವಾ?" ಫ್ಯೂಸಪ್ಪ ಆಸ್ಪತ್ರೆಯ ಪಡಸಾಲೆಯಲ್ಲೇ ದನಿ ಎತ್ತಿದ. "ಆ ದರಿದ್ರ ಫೋನು ನುಂಗಿ ಹಾಕಿದೆ."

"ಫೋನು ನುಂಗಿಲ್ಲ ಮಾವ," ಅಂದಳು ಸೊಸೆ. ಇಷ್ಟು ದಿನ ಕಾದಿಟ್ಟ ಮಾತು ಕೊನೆಗೂ ಬಾಯಿಗೆ ಬಂದಿತ್ತು. "ನೀವು ಬ್ಯಾಂಕಿಗೆ ಹೋಗಿ ಎಲ್ಲಾ ತೆಕ್ಕೊಂಡು ಬಂದ್ರಿ. ನಿಮ್ಮ ಡಬ್ಬಿಯಲ್ಲಿದೆ."

ಮಗ ಅಪ್ಪನ ಕಡೆ ತಿರುಗಿದ. ಮುದುಕ ಗೋಡೆಯ ಬದಿಗೆ ಸರಿದ. "ಕರೆಂಟಿಂದು ಒಂದೇ ನಿಲ್ಲುತ್ತೆ ಅಂದ್ಕೊಂಡೆ," ಅಂದ. "ವಿಮೆ ಅದ್ರಲ್ಲೇ ಇದೆ ಅನ್ನೋದು ತಲೆಗೆ ಹೋಗಲಿಲ್ಲ."

ಮಗ ಹೆಂಡತಿಯ ಕಡೆ ತಿರುಗಿದ. "ಮೆಸೇಜು ಯಾರ ಫೋನಿಗೆ ಬರುತ್ತೆ?"

ಸೊಸೆ ಫೋನನ್ನು ಸೆರಗಿನೊಳಗೆ ಸರಿಸಿದಳು.

"ನಿನ್ನ ಫೋನಿಗೆ ಬರುತ್ತಲ್ಲ. ಬಂದಿತ್ತಾ?"

"ಬಂದಿತ್ತು."

ಅವನು ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಮೈದಾ ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡು, ಬೇಕರಿಯ ಮಾಲೀಕನಿಗೆ ಫೋನು ಮಾಡಿ ಸಂಬಳದ ಮೇಲೆ ಮುಂಗಡ ಕೇಳಲು ಹೊರಗೆ ಹೋದ. ಡಬ್ಬಿಯ ದುಡ್ಡು ಪೂರ್ತಿ ಹೋಯಿತು. ಸಾಲಲಿಲ್ಲ. ಮರುದಿನ ಸೊಸೆ ತನ್ನ ಎರಡು ಯಂತ್ರಗಳಲ್ಲಿ ಹೊಸದನ್ನು ಮಾರಿದಳು. ಕೊಂಡುಕೊಂಡವನ ಜೊತೆ ಅದನ್ನು ಮೆಟ್ಟಿಲಿಳಿಸಲು ಇನ್ನೊಂದು ತುದಿ ಹಿಡಿದವನು ಮಾವ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅತ್ತೆಯನ್ನು ಮನೆಗೆ ಕರೆತಂದು ನಡುಮನೆಯಲ್ಲಿ ಮಂಚ ಹಾಕಿದರು. ಅವಳಿಗೆ ಏನೂ ಗೊತ್ತಿಲ್ಲ ಅಂತ ದೊಡ್ಡವರು ಮೂವರೂ ತಿಳಿದಿದ್ದರು. ಮೊಮ್ಮಗಳು ಮೊದಲ ದಿನವೇ ಹೇಳಿಯಾಗಿತ್ತು. ಅತ್ತೆ ಎದ್ದು ಕೂರುವಷ್ಟಾಗುವ ತನಕ ಬಾಯಿ ಬಿಡಲಿಲ್ಲ. ಸೊಸೆ ಮೈ ಒರೆಸಿದರೆ ಒರೆಸಿಸಿಕೊಂಡಳು, ಗಂಡ ಚಹಾ ತಂದರೆ ಕುಡಿದಳು. ವಾಕರು ಹಿಡಿದು ಬಚ್ಚಲ ತನಕ ನಡೆದು ಬಂದ ದಿನ ಮಧ್ಯಾಹ್ನ, ಊಟ ಬಡಿಸುತ್ತಿದ್ದ ಸೊಸೆಯನ್ನು ಕೇಳಿದಳು:

"ಎಷ್ಟು ದಿನ ಇಟ್ಕೊಂಡಿದ್ದೆ ಆ ಮೆಸೇಜನ್ನ?"

ಸೊಸೆಯ ಕೈಯಲ್ಲಿ ಸೌಟು ನಿಂತಿತು. "ಹದಿನೈದು ದಿನದ ಮೇಲೆ, ಅತ್ತೆ."

"ದಿನಾ ನನಗೆ ಬಡಿಸ್ತಿದ್ದೆ ಅಲ್ವಾ ಆಗ? ನನ್ನ ಪಕ್ಕದಲ್ಲೇ ಕೂತು ಉಣ್ತಿದ್ದೆ."

"ಹೌದು."

"ಅವರ ಮೇಲಿನ ಸಿಟ್ಟಿಗೆ."

"ಹೌದು ಅತ್ತೆ. ತಪ್ಪಾಯ್ತು."

"ತಪ್ಪಾಯ್ತು ಅನ್ನೋದನ್ನ ಆಮೇಲೆ ಇಟ್ಕೋ." ಗಂಡನ ಕಡೆ ತಿರುಗಿದಳು. "ಬಲ್ಬು ಬಿಚ್ಚಿದ್ದು ನೀವು ತಾನೇ?"

"ಅವಳು ಹಗಲೆಲ್ಲ ಉರಿಸ್ತಿದ್ಲು ಕಣೇ."

"ಹಗಲು ಉರಿಸಿದ್ದಕ್ಕೆ ನಾನು ಕತ್ತಲಲ್ಲಿ ಬಿದ್ದೆ. ಚೆನ್ನಾಗಿದೆ ನಿಮ್ಮಿಬ್ಬರ ಪಂದ್ಯ. ನಿಮ್ಮಿಬ್ಬರಿಗೂ ಒಂದು ಗಾಯ ಇಲ್ಲ. ಪ್ಲೇಟು ನನ್ನ ಸೊಂಟಕ್ಕೆ."

ಮಗ ಆವತ್ತು ಮಲಗಲು ಹೋಗದೆ ಬಾಗಿಲಲ್ಲಿ ನಿಂತಿದ್ದ. ಅತ್ತೆ ಮೊಮ್ಮಗಳನ್ನು ಕರೆದು, "ಆ ತಾನೇ ಹೋಗೋದನ್ನೆಲ್ಲ ತೆಗೆದುಹಾಕು ಮಗು. ಒಂದೂ ಇರಬಾರದು," ಅಂದಳು.

ಫ್ಯೂಸಪ್ಪನ ಮುಖ ಅರಳಿತು. "ನಾನು ಮೊದಲಿಂದಲೂ ಹೇಳ್ತಿದ್ದೆ, ಕೌಂಟರಿಗೆ ಹೋಗಿ ಕಟ್ಟೋದೇ..."

"ಮುಗಿದಿಲ್ಲ ನಂದು. ಡಬ್ಬಿ ಇನ್ಮೇಲೆ ನನ್ನ ತಲೆದಿಂಬಿನ ಪಕ್ಕ. ನಿಮ್ಮ ಪಿಂಚಣಿ ತಂದು ನನ್ನ ಕೈಗೆ ಕೊಡಿ. ನೀನು ಹೊಲಿಗೆ ದುಡ್ಡಲ್ಲಿ ನಿನ್ನ ಪಾಲು ತಂದು ನನ್ನ ಕೈಗೆ ಕೊಡು. ಬಿಲ್ಲು ಬಂದಾಗ ನಾನು ಎಣಿಸಿ ಕೊಡ್ತೀನಿ. ನೀವಿಬ್ರೂ ಹೋಗಿ ಕಟ್ಟಿ ಬರಬೇಕು."

"ಇಬ್ರು ಯಾಕೆ? ನಾನೊಬ್ಬನೇ..."

"ಇಬ್ರೂ. ಒಟ್ಟಿಗೆ. ಒಂದೇ ಕ್ಯೂನಲ್ಲಿ."

"ನನಗೆ ಹೊಲಿಗೆ ಕೆಲಸ ಇರುತ್ತೆ ಅತ್ತೆ."

"ಒಂದು ಯಂತ್ರ ಮಾರಿದೀಯಲ್ಲ, ಅಷ್ಟು ಬಿಡುವು ಸಿಕ್ಕಿರುತ್ತೆ," ಅಂದಳು ಅತ್ತೆ. ಆ ಮಾತು ಸೊಸೆಯ ಮುಖಕ್ಕೆ ಹೊಡೆದ ಹಾಗಿತ್ತು. ಅತ್ತೆ ಅದನ್ನು ನೋಡಿಯೂ ಕಣ್ಣು ತಗ್ಗಿಸಲಿಲ್ಲ.

ಮುಂದಿನ ಸೋಮವಾರ ಇಬ್ಬರೂ ಹೊರಟರು. ಫ್ಯೂಸಪ್ಪ ಮುಂದೆ, ಸೊಸೆ ಹಿಂದೆ. ಕರೆಂಟು ಆಫೀಸಿನ ಕ್ಯೂ ಅಂಗಳ ದಾಟಿ ಗೇಟಿನ ತನಕ ಬಂದಿತ್ತು. ಹಿಂದಿದ್ದ ಹೆಂಗಸು, "ನಿಮ್ಮ ಮಗಳಾ?" ಅಂತ ಕೇಳಿದ್ದಕ್ಕೆ ಮಾವ, "ಅಲ್ಲ," ಅಂದ. ಅಷ್ಟೇ ಅಂದ. ಬಿಸಿಲು ಏರಿತು. ಅವರ ಸರದಿಗೆ ಇಬ್ಬರೇ ಉಳಿದಿದ್ದಾಗ ಒಳಗಿದ್ದವನು ಊಟದ ಹೊತ್ತು ಅಂದು ಕೌಂಟರಿನ ಕಿಟಕಿ ಎಳೆದುಬಿಟ್ಟ.

ಗೋಡೆಯ ಬದಿಯ ಬೆಂಚಿನ ಮೇಲೆ ಕೂತರು. ಅತ್ತೆ ಮೊಮ್ಮಗಳ ಕೈಯಲ್ಲಿ ಕಟ್ಟಿಸಿ ಕೊಟ್ಟಿದ್ದ ಊಟದ ಚೀಲವನ್ನು ಸೊಸೆ ಬಿಚ್ಚಿದಳು. ಒಂದೇ ಡಬ್ಬ ಇತ್ತು. ಅದರಲ್ಲಿ ಇಬ್ಬರಿಗಾಗುವಷ್ಟು ಅನ್ನ, ಎರಡು ಬೇಯಿಸಿದ ಮೊಟ್ಟೆ, ಒಂದೇ ಒಂದು ಚಮಚ. ಇನ್ನೊಂದಕ್ಕಾಗಿ ಚೀಲವನ್ನು ಕೊಡವಿ ನೋಡಿದಳು. ಇರಲಿಲ್ಲ.

"ಬೇಕಂತಲೇ ಮಾಡಿದಾಳೆ," ಅಂದ ಫ್ಯೂಸಪ್ಪ.

ಅದು ಆ ಬೆಳಿಗ್ಗೆಯಿಂದ ಅವನು ಅವಳಿಗೆ ಆಡಿದ ಮೊದಲ ಮಾತು. "ಹೌದು ಮಾವ," ಅಂದಳು ಅವಳು. ಅವನು ಮೊದಲು ಉಂಡ. ಅರ್ಧಕ್ಕೆ ನಿಲ್ಲಿಸಿ, ಚಮಚವನ್ನು ನಲ್ಲಿಯ ತನಕ ಒಯ್ದು ತೊಳೆದು ತಂದು, ಡಬ್ಬದೊಳಗೆ ಇಟ್ಟು, ಮುಖ ಬೇರೆ ಕಡೆ ತಿರುಗಿಸಿ ಕೂತ. ಅವಳಿಗೆ ಹಸಿವಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಮಾನ ನೋಡದೆ ಉಂಡಳು.

ಮನೆ ಸೇರಿದಾಗ ಸಂಜೆಯಾಗಿತ್ತು. ಅತ್ತೆ ಮಂಚದ ಮೇಲೆ ಒರಗಿ, ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹಾಕಿದಳು. ಉಳಿದ ಚಿಲ್ಲರೆಯನ್ನು ಎಣಿಸಿಕೊಂಡಳು.

"ನಾಳೆ ನೀರಿನ ಆಫೀಸು," ಅಂದಳು. "ಅದು ದೂರ ಇದೆ. ಬಸ್ಸಿಗೆ ಕೊಡಲ್ಲ, ನಡ್ಕೊಂಡು ಹೋಗಿ."

ಫ್ಯೂಸಪ್ಪ ಚಪ್ಪಲಿ ಬಿಚ್ಚಿ ಊದಿದ ಪಾದ ಒತ್ತಿಕೊಳ್ಳುತ್ತಿದ್ದ. ಸೊಸೆ ಖಾಲಿ ಊಟದ ಡಬ್ಬ ಕೈಯಲ್ಲಿ ಹಿಡಿದು ನಿಂತಳು. ಕೊನೆಗೆ ಕೇಳಿಯೇಬಿಟ್ಟಳು: "ಇದು ಎಷ್ಟು ದಿನ ಅತ್ತೆ?"

"ಜಾಸ್ತಿ ಏನಿಲ್ಲ. ನಾನು ಮತ್ತೆ ಆ ಮೆಟ್ಟಿಲು ಹತ್ತೋ ತನಕ," ಅಂದಳು ಅತ್ತೆ, ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾ.

ಇನ್ನು ಮೇಲೆ ಮೆಟ್ಟಿಲು ಹತ್ತುವುದು ಸಾಧ್ಯವಿಲ್ಲ ಅಂತ ಡಾಕ್ಟರು ಹೇಳಿದ್ದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.